ಡೆನ್ನಿಸ್ ರಿಚಿ

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ (ಜನನ: ಸೆಪ್ಟೆಂಬರ್ 9, 1941 – ನಿಧನ: ಅಕ್ಟೋಬರ್ 2011) ಅಮೆರಿಕದ ಗಣಕವಿಜ್ಞಾನಿ. ಇವರು ಸಿ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು ಹಾಗೂ ಕೆನ್ ಥಾಂಪ್ಸನ್ ಅವರೊಡನೆ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಿದರು. ಗಣಕಕ್ಕೆ ಜೋಡಿಸಿದ ಸಾಧನವನ್ನು ಕಡತದಂತೆಯೇ (ಫೈಲ್) ತೆರೆದು ಓದುವ ಯುನಿಕ್ಸ್ ಪದ್ಧತಿಯು ಇಂದು ಸಂವೇದಕಗಳ (ಸೆನ್ಸರ್) ಮಾಹಿತಿಯನ್ನು ಪಡೆಯುವ ಹಲವು ವ್ಯವಸ್ಥೆಗಳಿಗೆ ಆಧಾರವಾಗಿದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ರಿಚಿ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದರು. ಡೆನ್ನಿಸ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪದವಿ ಪಡೆದು, ಅನ್ವಯಿಕ ಗಣಿತದಲ್ಲಿ ಸಂಶೋಧನೆ ಕೈಗೊಂಡರು. 1968ರ ವೇಳೆಗೆ ಡಾಕ್ಟರೇಟ್ ಪ್ರಬಂಧವನ್ನು ಸಿದ್ಧಪಡಿಸಿದ್ದರೂ ಅದರ ರಟ್ಟು ಕಟ್ಟಿದ ಪ್ರತಿಯನ್ನು ಸಲ್ಲಿಸದ ಕಾರಣ ಅವರಿಗೆ ಆ ಪದವಿ ದೊರೆಯಲಿಲ್ಲ. 1967ರಲ್ಲಿ ಅವರು ಬೆಲ್ ಪ್ರಯೋಗಾಲಯವನ್ನು ಸೇರಿದರು.

ಯುನಿಕ್ಸ್ ಮತ್ತು ಸಾಧನ ಕಡತಗಳು

ಬೆಲ್ ಪ್ರಯೋಗಾಲಯವು 1969ರಲ್ಲಿ ಮಲ್ಟಿಕ್ಸ್ ಯೋಜನೆಯಿಂದ ಹಿಂದೆ ಸರಿಯಿತು. ಅದೇ ವರ್ಷ ಥಾಂಪ್ಸನ್ ಪಿಡಿಪಿ-7 ಗಣಕದಲ್ಲಿ ಹೊಸ ವ್ಯವಸ್ಥೆಯ ರಚನೆಗೆ ತೊಡಗಿದರು. ರಿಚಿ ಅವರೊಡನೆ ಕೈಜೋಡಿಸಿದರು. ಯುನಿಕ್ಸ್‌ನ ಮೊದಲ ಕೈಪಿಡಿಯು 1971ರ ನವೆಂಬರ್‌ನಲ್ಲಿ ಹೊರಬಂದಿತು. 1973ರಲ್ಲಿ ಯುನಿಕ್ಸ್‌ನ ತಿರುಳು ಭಾಗವನ್ನು ಸಿ ಭಾಷೆಯಲ್ಲಿ ಮರಳಿ ಬರೆಯಲಾಯಿತು.

ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಲೇಖನವು ಸಾಧನ ಕಡತಗಳ ಮೂರು ಅನುಕೂಲಗಳನ್ನು ವಿವರಿಸಿತು. ಮೊದಲನೆಯದಾಗಿ, ಕಡತ ಮತ್ತು ಸಾಧನಗಳನ್ನು ಬಳಸುವ ಕ್ರಮ ಸಾಧ್ಯವಾದಷ್ಟು ಒಂದೇ ಆಗಿರುತ್ತದೆ. ಎರಡನೆಯದಾಗಿ, ಕಡತದ ಹೆಸರನ್ನು ಕೇಳುವ ಪ್ರೋಗ್ರಾಮಿಗೆ ಸಾಧನದ ಹೆಸರನ್ನೂ ಕೊಡಬಹುದು. ಮೂರನೆಯದಾಗಿ, ಕಡತಗಳಿಗೆ ಇರುವ ರಕ್ಷಣೆಯ ನಿಯಮಗಳೇ ಸಾಧನಗಳಿಗೂ ಅನ್ವಯಿಸುತ್ತವೆ. ಹೀಗಾಗಿ ತೆರೆಯುವ, ಓದುವ, ಬರೆಯುವ ಮತ್ತು ಮುಚ್ಚುವ ಕೆಲವೇ ಕರೆಗಳಿಂದ ಬಗೆಬಗೆಯ ಯಂತ್ರಗಳೊಡನೆ ವ್ಯವಹರಿಸಲು ಸಾಧ್ಯವಾಯಿತು.

ಪದ್ಧತಿಯ ಮಿತಿಗಳು

ಈ ಸರಳತೆಗೆ ಮಿತಿಯೂ ಇತ್ತು. ಓದುವ ಕರೆಯು ಬೈಟುಗಳನ್ನು ಒದಗಿಸುತ್ತದೆಯೇ ಹೊರತು ಅವುಗಳ ಅರ್ಥವನ್ನು ತಿಳಿಸುವುದಿಲ್ಲ. ಸಾಧನದ ವೇಗ ಮೊದಲಾದ ಗುಣಗಳನ್ನು ಹೊಂದಿಸಲು ಬೇರೊಂದು ಮಾರ್ಗವೂ ಬೇಕಾಯಿತು. ಇದಕ್ಕಾಗಿ 1979ರ ಏಳನೆಯ ಆವೃತ್ತಿಯಲ್ಲಿ 'ಐಆಕ್ಟಲ್' ಎಂಬ ಕರೆಯನ್ನು ಸೇರಿಸಲಾಯಿತು. ಪ್ರತಿಯೊಂದು ಸಾಧನದ ಚಾಲಕ ತಂತ್ರಾಂಶವೂ ತನ್ನದೇ ಸಂಕೇತಸಂಖ್ಯೆಗಳನ್ನು ಇದರಲ್ಲಿ ಬಳಸಬಹುದಾದ್ದರಿಂದ ಮೂಲದ ಏಕರೂಪತೆ ಸಡಿಲವಾಯಿತು. ಮುಂದೆ ಬೆಲ್ ಪ್ರಯೋಗಾಲಯದಲ್ಲೇ ರೂಪುಗೊಂಡ ಪ್ಲಾನ್ 9 ವ್ಯವಸ್ಥೆಯು ಈ ಕರೆಯನ್ನು ಕೈಬಿಟ್ಟು, ನಿಯಂತ್ರಣಕ್ಕೂ ಪಠ್ಯರೂಪದ ಆದೇಶಗಳನ್ನು ಸ್ವೀಕರಿಸುವ ಕಡತಗಳನ್ನೇ ಬಳಸಿತು.

ಸಂವೇದಕಗಳ ಓದುವಿಕೆಯಲ್ಲಿ ಪ್ರಭಾವ

ಯುನಿಕ್ಸ್ ಮಾದರಿಯನ್ನು ಅನುಸರಿಸಿದ ಲಿನಕ್ಸ್‌ನಲ್ಲಿ ಉಷ್ಣತೆ, ವಿದ್ಯುತ್ ಒತ್ತಡ, ಫ್ಯಾನಿನ ವೇಗ ಮುಂತಾದ ಅಳತೆಗಳು 'ಸಿಸ್ಎಫ್ಎಸ್' ಎಂಬ ಕಡತ ವ್ಯವಸ್ಥೆಯ ಮೂಲಕ ಸಾಮಾನ್ಯ ಪಠ್ಯವಾಗಿ ದೊರೆಯುತ್ತವೆ. ಬೈಟುಗಳ ಅರ್ಥದ ಸಮಸ್ಯೆಯನ್ನು ಇಲ್ಲಿ ಹೆಸರು ಮತ್ತು ಮಾನಗಳ ಒಪ್ಪಂದದಿಂದ ಪರಿಹರಿಸಲಾಗಿದೆ. ಉಷ್ಣತೆಯನ್ನು ಡಿಗ್ರಿ ಸೆಲ್ಸಿಯಸ್‌ನ ಸಾವಿರದ ಒಂದು ಭಾಗದ ಮಾನದಲ್ಲಿ ಕೊಡಬೇಕೆಂಬುದು ನಿಯಮ. ಆದ್ದರಿಂದ ಕಡತದಲ್ಲಿ 45000 ಎಂದಿದ್ದರೆ ಅದು 45 ಡಿಗ್ರಿ ಸೆಲ್ಸಿಯಸ್ ಎಂದರ್ಥ. ವೇಗವಾಗಿ ಬದಲಾಗುವ ಅಳತೆಗಳಿಗೆ ಪ್ರತಿಬಾರಿಯೂ ಪಠ್ಯವನ್ನು ಓದುವುದು ನಿಧಾನವಾಗುವುದರಿಂದ, ಅಂಥವುಗಳನ್ನು ಒಟ್ಟುಗೂಡಿಸಿ ಸಾಧನ ಕಡತದ ಮೂಲಕ ಬೈಟುಗಳ ರೂಪದಲ್ಲೇ ಒದಗಿಸುವ ಏರ್ಪಾಡೂ ಇದೆ.

ಪ್ರಶಸ್ತಿಗಳು ಮತ್ತು ನಿಧನ

ರಿಚಿ ಮತ್ತು ಥಾಂಪ್ಸನ್ 1983ರ ಟ್ಯೂರಿಂಗ್ ಪ್ರಶಸ್ತಿಯನ್ನೂ 1998ರ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನೂ 2011ರ ಜಪಾನ್ ಪ್ರಶಸ್ತಿಯನ್ನೂ ಜೊತೆಯಾಗಿ ಪಡೆದರು. ಬ್ರಯಾನ್ ಕರ್ನಿಘನ್ ಅವರೊಡನೆ ರಿಚಿ ಬರೆದ ಸಿ ಭಾಷೆಯ ಪುಸ್ತಕವು 1978ರಲ್ಲಿ ಪ್ರಕಟವಾಗಿ ಪ್ರಮಾಣಗ್ರಂಥವೆನಿಸಿತು. 2007ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ತಮ್ಮ ನಿವಾಸದಲ್ಲಿ ಅವರು ಮೃತಪಟ್ಟಿರುವುದು ತಿಳಿದುಬಂದಿತು. ಆಗ ಅವರಿಗೆ 70 ವರ್ಷ ವಯಸ್ಸಾಗಿತ್ತು.