ಸೈಲೆನ್ಸರ್ ತೆಗೆಸಿದರೆ ಗಾಡಿ ಜೋರು ಓಡುತ್ತದೆಯೇ? ರೇಸ್ ಗೆದ್ದೂ ಸದ್ದು ಅಡಗಿಸಿದ ಮ್ಯಾಕ್ಸಿಮ್ ಕಥೆ

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ದಾರಿಯಲ್ಲಿ ಮಹಾಗಾಂವ ಕ್ರಾಸ್ ಸಿಗುತ್ತದೆ. ಮಹಾಗಾಂವವಿರಲಿ, ಕಮಲಾಪುರವಿರಲಿ, ಹೆದ್ದಾರಿಗೆ ಅಂಟಿಕೊಂಡ ಯಾವ ಊರಿನವರಿಗೂ ಒಂದು ಸದ್ದಿನ ಪರಿಚಯ ಇದ್ದೇ ಇರುತ್ತದೆ. ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಕೂತಾಗ, ಸೈಲೆನ್ಸರ್ ಬದಲಿಸಿದ ಬೈಕೊಂದು ಪಟಾಕಿ ಸಿಡಿಸಿದಂತೆ ಸದ್ದು ಮಾಡುತ್ತಾ ಹೋಗುತ್ತದೆ. ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಏಳುತ್ತದೆ. ಅಜ್ಜಿ ಎದೆ ಹಿಡಿದುಕೊಳ್ಳುತ್ತಾಳೆ.

ಇದರ ಹಿಂದೆ ಒಂದು ಫಾರ್ವರ್ಡ್ ಸಂದೇಶವೂ ಇದೆ. ರೇಸ್ ಕಾರುಗಳಿಗೆ ಸೈಲೆನ್ಸರ್ ಇರುವುದಿಲ್ಲವಂತೆ, ಅದಕ್ಕೇ ಅವು ಅಷ್ಟು ವೇಗವಂತೆ, ನಿಮ್ಮ ಗಾಡಿಯದ್ದೂ ತೆಗೆಸಿದರೆ ಪಿಕಪ್ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವಂತೆ.

ಇದು ನಿಜವೇ? ಉತ್ತರಕ್ಕಾಗಿ ಒಬ್ಬ ಮನುಷ್ಯನ ಬದುಕನ್ನು ನೋಡೋಣ. ಅವರು ಕಾರ್ ರೇಸ್ ಗೆದ್ದವರು. ಸೈಲೆನ್ಸರ್ ಮಾಡಿ ಹೆಸರಾದವರೂ ಅವರೇ. ಹೆಸರು ಹೈರಮ್ ಪರ್ಸಿ ಮ್ಯಾಕ್ಸಿಮ್.

ತಂದೆಯ ಬಂದೂಕು, ತಂದೆಯ ಕಿವಿ

ಪರ್ಸಿ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ಅಮೆರಿಕದ ನ್ಯೂಯಾರ್ಕ್ ಬಳಿಯ ಬ್ರೂಕ್ಲಿನ್‌ನಲ್ಲಿ. ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ದೊಡ್ಡ ಸಂಶೋಧಕ. ಮಗ ಹನ್ನೆರಡರ ಹುಡುಗನಾಗಿದ್ದಾಗ, 1881ರಲ್ಲಿ, ಅವರು ಯುರೋಪಿಗೆ ಹೊರಟುಹೋದರು. ಮತ್ತೆ ಸಂಸಾರಕ್ಕೆ ಮರಳಲಿಲ್ಲ. ಪರ್ಸಿ ಮತ್ತು ಇಬ್ಬರು ತಂಗಿಯರು ತಾಯಿ ಜೇನ್ ಅವರ ಆಸರೆಯಲ್ಲೇ ಬೆಳೆದರು.

ಲಂಡನ್ನಿನಲ್ಲಿ ನೆಲೆಸಿದ ತಂದೆ ಕೆಲವೇ ವರ್ಷಗಳಲ್ಲಿ ಮ್ಯಾಕ್ಸಿಮ್ ಮೆಷಿನ್ ಗನ್ ತಯಾರಿಸಿದರು. ಒಮ್ಮೆ ಒತ್ತಿ ಹಿಡಿದರೆ ತಾನಾಗಿಯೇ ಗುಂಡು ಹಾರಿಸುತ್ತಲೇ ಹೋಗುವ ಬಂದೂಕು ಅದು. ಹಣ ಬಂತು, ಬ್ರಿಟಿಷ್ ಸರಕಾರದಿಂದ ಸರ್ ಪದವಿಯೂ ಬಂತು. ಆದರೆ ವರ್ಷಗಟ್ಟಲೆ ಆ ಬಂದೂಕಿನ ಪಕ್ಕದಲ್ಲೇ ನಿಂತು ಪರೀಕ್ಷೆ ನಡೆಸಿದ್ದಕ್ಕೆ ಕಿವಿಯ ಬೆಲೆ ತೆತ್ತರು. ಕೊನೆಗಾಲದಲ್ಲಿ ಅವರು ಹೆಚ್ಚುಕಡಿಮೆ ಪೂರ್ತಿ ಕಿವುಡರಾಗಿದ್ದರು.

ಕಿವಿಯ ಒಳಭಾಗದಲ್ಲಿ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿರುತ್ತವೆ. ಸದ್ದನ್ನು ಗ್ರಹಿಸಿ ಮೆದುಳಿಗೆ ಕಳಿಸುವುದು ಅವುಗಳ ಕೆಲಸ. ವಿಪರೀತ ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗಾಯ ಮಾಯುವಂತೆ ಕಿವಿ ಮಾಯುವುದಿಲ್ಲ.

ಹದಿನಾರಕ್ಕೆ ಎಂಜಿನಿಯರ್, ಆಮೇಲೆ ಕಾರಿನ ಹುಚ್ಚು

ಪರ್ಸಿ ಓದಿನಲ್ಲಿ ಚುರುಕು. ಹೆಸರಾಂತ ಎಂಐಟಿ ಸಂಸ್ಥೆಯಿಂದ 1886ರಲ್ಲಿ, ಇನ್ನೂ ಹದಿನಾರು ವರ್ಷದವರಿದ್ದಾಗಲೇ ಪದವಿ ಪಡೆದರು. ಲಿನ್ ಎಂಬ ಊರಿನ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. 1892ರ ಒಂದು ರಾತ್ರಿ ಸೈಕಲ್ ತುಳಿಯುತ್ತಾ ಊರಿಗೆ ಮರಳುವಾಗ, ಕಾಲಿನ ಬದಲು ಒಂದು ಯಂತ್ರವೇ ಇದನ್ನು ಓಡಿಸಿದರೆ ಹೇಗೆ ಎಂಬ ಯೋಚನೆ ಅವರಿಗೆ ಬಂತು. ಕಾರು ಎಂಬ ವಸ್ತುವನ್ನು ಅವರು ಆಗಿನ್ನೂ ಕಂಡಿರಲಿಲ್ಲ.

ಕಾರ್ಖಾನೆಯಲ್ಲಿ ಬಿದ್ದಿದ್ದ ಖಾಲಿ ತೋಟಾದ ಕೊಳವೆಯೊಳಗೆ ಪೆಟ್ರೋಲ್ ಹನಿ ಹಾಕಿ, ಕಡ್ಡಿ ಗೀರಿ, ಅದು ಹೇಗೆ ಸಿಡಿಯುತ್ತದೆ ಎಂದು ನೋಡಿದರು. ಆಮೇಲೆ ಸ್ವಂತ ಎಂಜಿನ್ ಮಾಡಿ ಮೂರು ಗಾಲಿಯ ಸೈಕಲ್ಲಿಗೆ ಜೋಡಿಸಿದರು. 1895ರಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಕಂಪನಿ ಅವರನ್ನು ಮೋಟಾರು ಗಾಡಿ ತಯಾರಿಕೆಗೆ ಕರೆದುಕೊಂಡಿತು.

1899ರಲ್ಲಿ ಬ್ರಾನ್‌ಫರ್ಡ್ ಎಂಬಲ್ಲಿ ಪರ್ಸಿ ತಾವೇ ಕಂಪನಿಯ ಪೆಟ್ರೋಲ್ ಕಾರು ಓಡಿಸಿ ರೇಸ್ ಗೆದ್ದರು. ಸುತ್ತು ಟ್ರ್ಯಾಕಿನಲ್ಲಿ ನಡೆದ ಅಮೆರಿಕದ ಮೊದಲ ಕಾರ್ ರೇಸ್ ಅದೇ ಎನ್ನಲಾಗುತ್ತದೆ. ಅಂದರೆ ವೇಗದ ರುಚಿ ಗೊತ್ತಿಲ್ಲದೆ ಸದ್ದನ್ನು ದೂರಿದವರಲ್ಲ ಅವರು.

ಸ್ನಾನದ ತೊಟ್ಟಿಯ ಸುಳಿ

ಹೊಸ ಶತಮಾನದ ಆರಂಭದಲ್ಲಿ ಪರ್ಸಿ ಅವರ ತಲೆಗೆ ಸದ್ದಿನ ಸಮಸ್ಯೆ ಹೊಕ್ಕಿತು. ಸ್ನಾನದ ತೊಟ್ಟಿಯ ನೀರು ಸುಳಿ ಸುತ್ತುತ್ತಾ ನಿಧಾನಕ್ಕೆ ಇಳಿದುಹೋಗುವುದನ್ನು ನೋಡಿ ಅವರಿಗೆ ದಾರಿ ಹೊಳೆಯಿತು ಎಂಬ ಕಥೆ ಪ್ರಸಿದ್ಧ. ಬಿಸಿ ಅನಿಲವನ್ನೂ ಹಾಗೇ ಸುತ್ತಿಸಿ ಬಿಟ್ಟರೆ?

ಸದ್ದು ಹುಟ್ಟುವ ಬಗೆ ಹೀಗೆ. ಬಂದೂಕಿನ ನಳಿಗೆಯಿರಲಿ, ಎಂಜಿನ್ನಿನ ಹೊಗೆಕೊಳವೆಯಿರಲಿ, ಬಿಗಿಯಾಗಿ ಒತ್ತಿಹೋದ ಬಿಸಿ ಅನಿಲ ಒಮ್ಮೆಲೇ ಹೊರಗೆ ನುಗ್ಗುತ್ತದೆ. ಆ ಏಟಿಗೆ ಹೊರಗಿನ ಗಾಳಿಯಲ್ಲಿ ಅಲೆ ಏಳುತ್ತದೆ. ನಮ್ಮ ಕಿವಿಗೆ ಢಬ್ ಎಂದು ಕೇಳುವುದು ಅದೇ. ಅನಿಲವನ್ನು ಹಲವು ಕೋಣೆಗಳಲ್ಲಿ ಸುತ್ತಿಸಿ, ಹಿಗ್ಗಿಸಿ, ತಣಿಸಿ, ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಏಟು ಮೆತ್ತಗಾಗುತ್ತದೆ. ಅನಿಲ ಹೊರಹೋಗುತ್ತದೆ, ಅಬ್ಬರ ಒಳಗೇ ಉಳಿಯುತ್ತದೆ.

1909ರ ಮಾರ್ಚ್ 30ರಂದು ಪರ್ಸಿ ಅವರ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ಸಿಕ್ಕಿತು. ತಂದೆಯ ಹೆಸರು ಸದ್ದಿಗೆ, ಮಗನ ಹೆಸರು ಮೌನಕ್ಕೆ! ಇದೇ ತತ್ತ್ವವನ್ನು ಅವರು ಎಂಜಿನ್ನುಗಳಿಗೂ ತಂದರು. ಮುಂದಿನ ವರ್ಷಗಳಲ್ಲಿ ಅವರ ಕಂಪನಿ ಬಂದೂಕಿನ ಕೆಲಸ ಬಿಟ್ಟು ಎಂಜಿನ್ ಮತ್ತು ಕಾರ್ಖಾನೆಗಳ ಸದ್ದು ಕಡಿಮೆ ಮಾಡುವ ಸಾಧನಗಳತ್ತ ಹೊರಳಿತು.

ಇಲ್ಲೊಂದು ತಪ್ಪು ತಿದ್ದಿಕೊಳ್ಳೋಣ. ಗಾಡಿಯ ಸೈಲೆನ್ಸರ್ ಅನ್ನು ಮೊಟ್ಟಮೊದಲು ಕಂಡುಹಿಡಿದವರು ಮ್ಯಾಕ್ಸಿಮ್ ಎಂದು ಹಲವೆಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಅಮೆರಿಕದವರೇ ಆದ ರೀವ್ಸ್ ಸಹೋದರರು 1897ರಲ್ಲೇ ಎಂಜಿನ್ನಿನ ಸದ್ದು ಅಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದಿದ್ದರು.

ನೂರು ವರ್ಷದ ಹಿಂದೆಯೂ ಇದೇ ಗಲಾಟೆ

ಆ ಕಾಲದ ಅನೇಕ ಕಾರುಗಳಲ್ಲಿ ಕಟ್‌ಔಟ್ ಎಂಬ ಪೆಡಲ್ ಇರುತ್ತಿತ್ತು. ಅದನ್ನು ಒತ್ತಿದರೆ ಹೊಗೆ ಸೈಲೆನ್ಸರ್‌ಗೆ ಹೋಗದೆ ನೇರ ಹೊರಬೀಳುತ್ತಿತ್ತು. ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯಲ್ಲಿ ಊರೊಳಗೂ ಅದನ್ನು ಒತ್ತಿಕೊಂಡು ತಿರುಗುವವರು ಹೆಚ್ಚಾದರು. ಕೊನೆಗೆ ಅಮೆರಿಕದ ಹಲವು ನಗರಗಳು ಕಟ್‌ಔಟ್ ಬಳಕೆಯನ್ನೇ ನಿಷೇಧಿಸಬೇಕಾಯಿತು. ಇಂದಿನ ಫಾರ್ವರ್ಡ್ ಹೊಸದೇನಲ್ಲ, ಮುತ್ತಜ್ಜನ ಕಾಲದ್ದು.

ಹಾಗಾದರೆ ಶಕ್ತಿ ಹೆಚ್ಚುವುದಿಲ್ಲವೇ? ಇದರಲ್ಲಿ ಒಂದು ಚೂರು ನಿಜವಿದೆ. ಹೊಗೆ ಸರಾಗವಾಗಿ ಹೊರಹೋಗದಿದ್ದರೆ ಎಂಜಿನ್ನಿಗೆ ಭಾರವಾಗುತ್ತದೆ. ಆದರೆ ಹೊಗೆಕೊಳವೆಯ ಉದ್ದ, ಅಗಲ, ಒಳಗಿನ ಕೋಣೆಗಳು ಎಲ್ಲವನ್ನೂ ಆ ಎಂಜಿನ್ನಿಗೆ ಹೊಂದುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ಸುಮ್ಮನೆ ಕಿತ್ತುಹಾಕಿದರೆ ಆ ಹೊಂದಾಣಿಕೆ ಕೆಡುತ್ತದೆ. ದಿನನಿತ್ಯದ ಗಾಡಿಯಲ್ಲಿ ಸಿಗುವ ಲಾಭ ಅತ್ಯಲ್ಪ. ಕಡಿಮೆ ವೇಗದಲ್ಲಿ ಎಳೆತ ಕುಂದುವುದೂ ಉಂಟು. ಸದ್ದು ಹೆಚ್ಚಾದಾಗ ವೇಗವೂ ಹೆಚ್ಚಾಯಿತೆಂದು ಅನಿಸುವುದು ಕಿವಿಯ ಭ್ರಮೆ.

ರೇಸ್ ಟ್ರ್ಯಾಕಿನಲ್ಲೂ ಸದ್ದಿಗೆ ಮಿತಿ

ಈಗ ಫಾರ್ವರ್ಡಿನ ಮುಖ್ಯ ಮಾತಿಗೆ ಬರೋಣ. ರೇಸ್‌ಗೆಂದೇ ಕಟ್ಟಿದ ಕೆಲವು ಕಾರುಗಳು ಕಿವಿ ಹರಿಯುವಷ್ಟು ಸದ್ದು ಮಾಡುವುದು ನಿಜ. ಆದರೆ ನಮ್ಮ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕಿಗೆ ಒಯ್ಯುತ್ತೇವೆಂದರೆ ಬಹಳ ಕಡೆ ಮೊದಲು ಸದ್ದಿನ ಪರೀಕ್ಷೆ ಪಾಸಾಗಬೇಕು.

ಬ್ರಿಟನ್ನಿನ ಅನೇಕ ಟ್ರ್ಯಾಕ್‌ಗಳಲ್ಲಿ ನಿಂತ ಕಾರಿನ ಹೊಗೆಕೊಳವೆಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿಯುತ್ತಾರೆ. ಎಂಜಿನ್ನಿನ ಗರಿಷ್ಠ ತಿರುಗುವಿಕೆಯ ಮುಕ್ಕಾಲು ಭಾಗಕ್ಕೆ ರೇಸ್ ಮಾಡಿಸಿ ಅಳೆಯುತ್ತಾರೆ. 105 ಡೆಸಿಬೆಲ್ ಸಾಮಾನ್ಯ ಮಿತಿ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ ಟ್ರ್ಯಾಕ್ ಪಕ್ಕದಲ್ಲೇ ಮೈಕ್ ಇದ್ದು, ಬಹಳಷ್ಟು ದಿನಗಳಲ್ಲಿ 90 ಡೆಸಿಬೆಲ್ ಆಸುಪಾಸಿನ ಮಿತಿ ಇರುತ್ತದೆ. ಮೀರಿದವರು ಎಷ್ಟೇ ದುಬಾರಿ ಕಾರು ತಂದಿದ್ದರೂ ಹೊರಗೆ ನಡೆಯಬೇಕು. ಯಾಕೆ? ಸುತ್ತಮುತ್ತ ಮನೆಗಳಿವೆ. ಊರಿನವರ ನಿದ್ದೆ ಕೆಟ್ಟರೆ ಟ್ರ್ಯಾಕ್ ಉಳಿಯುವುದೇ ಕಷ್ಟ.

ಕಾರಿನವರು ಏನು ಮಾಡುತ್ತಾರೆ? ಕೆಲವರು ಕೊಳವೆಯ ತುದಿಗೆ ಇನ್ನೊಂದು ಸೈಲೆನ್ಸರ್ ಜೋಡಿಸುತ್ತಾರೆ. ಕೆಲವರು ತೂತುಗಳಿರುವ ಕೊಳವೆಯ ಸುತ್ತ ಗ್ಲಾಸ್ ವೂಲ್ ತುಂಬಿದ ಸೈಲೆನ್ಸರ್ ಹಾಕುತ್ತಾರೆ. ಇದರಲ್ಲಿ ಹೊಗೆ ನೇರ ಹೋಗುತ್ತದೆ, ಸದ್ದನ್ನು ಉಣ್ಣೆ ಹೀರುತ್ತದೆ. ಉಣ್ಣೆ ಸುಟ್ಟುಹೋದರೆ ಮತ್ತೆ ತುಂಬಬೇಕು.

ಇನ್ನೊಂದು ಉಪಾಯ, ಒಂದು ಕೊನೆ ಮುಚ್ಚಿದ ಪಕ್ಕದ ಕೊಳವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3750 ಸಲ ತಿರುಗಿದರೆ ಸೆಕೆಂಡಿಗೆ 125 ಏಟು ಬೀಳುತ್ತವೆ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 500 ಮೀಟರ್ ಎಂದಿಟ್ಟುಕೊಂಡರೆ ಒಂದು ಅಲೆಯ ಉದ್ದ 4 ಮೀಟರ್. ಅದರ ಕಾಲುಭಾಗ, ಅಂದರೆ 1 ಮೀಟರ್ ಉದ್ದದ ಕೊಳವೆಯೊಳಗೆ ಹೋಗಿ ಮರಳಿ ಬರುವ ಅಲೆ ಮೂಲ ಅಲೆಗೆ ಉಲ್ಟಾ ಆಗಿರುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಹೊಗೆಗೆ ಅಡ್ಡಿಯೇ ಇಲ್ಲ, ಗುಂಯ್ ಎನ್ನುವ ಸದ್ದು ಮಾತ್ರ ಮಾಯ.

ಈ ವಿದ್ಯೆಯಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಂ. ಎಲ್. ಮುಂಜಾಲ್ ಅವರು ಹೊಗೆಕೊಳವೆ ಮತ್ತು ಸೈಲೆನ್ಸರ್‌ಗಳ ಶಬ್ದವಿಜ್ಞಾನದ ಬಗ್ಗೆ 1987ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಜಗತ್ತಿನ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ.

ನಮ್ಮ ರಸ್ತೆಯ ಲೆಕ್ಕ

ಟ್ರ್ಯಾಕಿನಲ್ಲಿ 105 ಇದೆ, ರಸ್ತೆಯಲ್ಲೇಕೆ ಇಲ್ಲ ಎಂದು ಕೇಳಬೇಡಿ. ಡೆಸಿಬೆಲ್ ಅಂಕಿಗೆ ದೂರ ಬಹಳ ಮುಖ್ಯ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಲ್ಲಿ 105 ಇದ್ದದ್ದು ಏಳೂವರೆ ಮೀಟರಿನಲ್ಲಿ ಸುಮಾರು 81ಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಹೊಸ ವಾಹನಗಳನ್ನು ಏಳೂವರೆ ಮೀಟರ್ ದೂರದಿಂದ ಅಳೆಯುತ್ತಾರೆ. ಅಲ್ಲಿ 175 ಸಿಸಿಗಿಂತ ದೊಡ್ಡ ಬೈಕಿಗೆ 80, ಕಾರಿಗೆ 74 ಡೆಸಿಬೆಲ್ ಮಿತಿ. ಹಾಗಾಗಿ ಮೊಬೈಲ್ ಆ್ಯಪ್ ಅನ್ನು ಸೈಲೆನ್ಸರ್ ಪಕ್ಕ ಹಿಡಿದು ಬಂದ ಅಂಕಿಯನ್ನು ಇದಕ್ಕೆ ಹೋಲಿಸುವಂತಿಲ್ಲ.

ಇನ್ನೊಂದು ಮಾತು. 90ರಿಂದ 100 ಡೆಸಿಬೆಲ್ ಎಂದರೆ ಹತ್ತು ಅಂಕಿ ಹೆಚ್ಚಲ್ಲ, ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬುದು ತಜ್ಞರ ಸಲಹಾ ಮಿತಿ. 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ಆ ಸದ್ದಿಗೆ ಅತಿ ಹತ್ತಿರ ಇರುವ ಕಿವಿ ಯಾರದ್ದು? ಗಾಡಿ ಓಡಿಸುವವನದ್ದೇ.

ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಗಾಡಿಗೆ ಸೈಲೆನ್ಸರ್ ಇರಲೇಬೇಕು. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಮೊದಲ ತಪ್ಪಿಗೇ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಲೈಸೆನ್ಸ್ ಕೂಡ 3 ತಿಂಗಳು ಅನರ್ಹವಾಗುತ್ತದೆ.

ಕೊನೆಯ ವರ್ಷಗಳು

ಪರ್ಸಿ ಅವರಿಗೆ ಕೇಳುವುದರ ಮೇಲೆ ವಿಶೇಷ ಪ್ರೀತಿ ಇತ್ತು. ಸದ್ದು ಅಡಗಿಸಿದ ಅವರೇ ಹವ್ಯಾಸಿ ರೇಡಿಯೊ ಪ್ರಪಂಚಕ್ಕೂ ಹಿರಿಯರಾದರು. ಆಗಿನ ರೇಡಿಯೊ ಯಂತ್ರಗಳ ಸಂದೇಶ ಬಹಳ ದೂರ ಮುಟ್ಟುತ್ತಿರಲಿಲ್ಲ. ನಡುವಿನ ಊರಿನ ಹವ್ಯಾಸಿಯೊಬ್ಬರು ಅದನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸಿದರೆ ದೂರದ ಊರಿಗೂ ತಲುಪಬಹುದು ಎಂದು ಅವರು ಕಂಡುಕೊಂಡರು. 1914ರಲ್ಲಿ ಅದಕ್ಕಾಗಿ ಅಮೆರಿಕದ ಹವ್ಯಾಸಿಗಳ ಸಂಘ ಕಟ್ಟಿದರು. ಒಂದು ರೀತಿಯಲ್ಲಿ ಇದೂ ಫಾರ್ವರ್ಡ್ ಮಾಡುವ ಕೆಲಸವೇ! ಒಂದು ವ್ಯತ್ಯಾಸ, ಅಲ್ಲಿ ಕೇಳಿಸಿಕೊಂಡದ್ದನ್ನು ಅಕ್ಷರವೂ ತಪ್ಪದಂತೆ ದಾಟಿಸಬೇಕಿತ್ತು.

1936ರ ಫೆಬ್ರುವರಿ 17ರಂದು, ರೈಲು ಪ್ರಯಾಣದ ನಡುವೆ ಕಾಯಿಲೆ ಬಿದ್ದು, ಕೊಲೊರಾಡೊ ರಾಜ್ಯದ ಲಾ ಹುಂಟಾ ಎಂಬ ಊರಿನಲ್ಲಿ ಪರ್ಸಿ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಕಿವಿ ಕಳೆದುಕೊಂಡ ತಂದೆಗೆ ಮಗನ ಸೈಲೆನ್ಸರ್‌ನಿಂದ ಹೋದ ಕಿವಿ ಮರಳಿ ಬರಲಿಲ್ಲ. ಆದರೆ ಇಂದು ನಿಮ್ಮ ಮನೆ ಮುಂದೆ ಹಾದುಹೋಗುವ ನೂರು ಗಾಡಿಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಗುವನ್ನು ಎಬ್ಬಿಸದೆ ಹೋಗುತ್ತವೆ ಎಂದಾದರೆ, ಅದರಲ್ಲಿ ರೀವ್ಸ್ ಸಹೋದರರ, ಪರ್ಸಿ ಅವರ, ಅಂಥ ಅನೇಕರ ಶ್ರಮವಿದೆ.

ಮುಂದಿನ ಸಲ ಸೈಲೆನ್ಸರ್ ಕಿತ್ತುಹಾಕಿ ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರ ಜತೆ ಜಗಳ ಬೇಡ. ಈ ಕಥೆಯನ್ನು ಅವರಿಗೆ ಕಳಿಸಿ. ರೇಸ್ ಗೆದ್ದವರೇ ಸೈಲೆನ್ಸರ್ ಮಾಡಿದರು ಎಂಬುದು ಅವರಿಗೂ ತಿಳಿಯಲಿ.