ಪಠ್ಯಪುಸ್ತಕ ಕೊಟ್ಟ ಕೈಯೇ ಪತ್ರಿಕೆಗೆ ತೆರಿಗೆ ಹಾಕಿತು

ಗವರ್ನರ್ ಎಂದೊಡನೆ ನಮಗೆ ನೆನಪಾಗುವುದು ರಾಜಭವನ, ಪ್ರಮಾಣವಚನ ಸಮಾರಂಭ, ವರ್ಷಕ್ಕೊಮ್ಮೆ ಸದನದಲ್ಲಿ ಓದುವ ಸರ್ಕಾರದ ಭಾಷಣ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾದ ಆಡಳಿತಗಾರ. ನಮ್ಮ ಮುಖ್ಯಮಂತ್ರಿಗೆ ಹೆಚ್ಚುಕಡಿಮೆ ಸಮನಾದವನು. ರಾಜ್ಯದ ಬಜೆಟ್ಟು, ರಸ್ತೆ, ಆಸ್ಪತ್ರೆ, ಶಾಲೆ ಎಲ್ಲದರ ಹೊಣೆಯೂ ಆತನದೇ. ಅಂಥ ಗವರ್ನರುಗಳ ಪೈಕಿ ನನ್ನನ್ನು ಬಹುಕಾಲದಿಂದ ಕಾಡುತ್ತಿರುವವನು ಲೂಯಿಸಿಯಾನಾ ರಾಜ್ಯದ ಹ್ಯೂಯಿ ಲಾಂಗ್. ಆತ ಗವರ್ನರ್ ಆಗಿದ್ದುದು 1928ರಿಂದ 1932ರವರೆಗೆ. ತೀರಿಕೊಂಡು ಒಂಬತ್ತು ದಶಕಗಳೇ ಕಳೆದಿವೆ. ಆದರೂ ನಮ್ಮಲ್ಲಿ ಚುನಾವಣೆ ಸಮೀಪಿಸಿ, ಉಚಿತ ಕೊಡುಗೆಗಳ ಕುರಿತ ಚರ್ಚೆ ಕಾವೇರಿದಾಗಲೆಲ್ಲ ನನಗೆ ಆತನ ನೆನಪಾಗುತ್ತದೆ.

ಇದಕ್ಕೆ ಒಂದು ಖಾಸಗಿ ಕಾರಣವೂ ಇದೆ. ಮೇಲಿನ ತರಗತಿಗೆ ಹೋದವರಿಂದ ಅರ್ಧ ಬೆಲೆಗೆ ಕೊಂಡ ಪಠ್ಯಪುಸ್ತಕಗಳಲ್ಲಿ ಓದಿ ಬೆಳೆದವನು ನಾನು. ಕೆಲವೊಮ್ಮೆ ಮೊದಲ ಪಾಠ ಇರುತ್ತಿರಲಿಲ್ಲ, ಕೆಲವೊಮ್ಮೆ ಕೊನೆಯ ಪಾಠ ಇರುತ್ತಿರಲಿಲ್ಲ. ಆದ್ದರಿಂದ ಲಾಂಗ್ ಕುರಿತು ಮೊದಲ ಬಾರಿ ಓದಿದಾಗ ನನ್ನ ಮನಸ್ಸು ಅಂಟಿಕೊಂಡದ್ದು ಆತನ ಅಬ್ಬರದ ಭಾಷಣಗಳಿಗಲ್ಲ, ಆತ ಮಕ್ಕಳಿಗೆ ಕೊಟ್ಟ ಪುಸ್ತಕಗಳಿಗೆ.

ಲಾಂಗ್ ಹುಟ್ಟಿದ್ದು 1893ರ ಆಗಸ್ಟ್ 30ರಂದು, ಉತ್ತರ ಲೂಯಿಸಿಯಾನಾದ ವಿನ್‌ಫೀಲ್ಡ್ ಎಂಬ ಊರಿನಲ್ಲಿ. ಅದು ಬಡ ಬಿಳಿಯ ರೈತರ ಸೀಮೆ; ಜಮೀನ್ದಾರರ ಮತ್ತು ಬ್ಯಾಂಕುಗಳ ಮೇಲಿನ ಸಿಟ್ಟು ಅಲ್ಲಿನ ಮಣ್ಣಿನಲ್ಲೇ ಇತ್ತು. ಆತನ ಮನೆತನ ಮುಂದೆ ಆತ ವೇದಿಕೆಗಳಲ್ಲಿ ವರ್ಣಿಸಿದಷ್ಟು ಬಡವಾಗಿರಲಿಲ್ಲ. ಹರೆಯದಲ್ಲಿ ಊರೂರು ಅಲೆದು ಅಡುಗೆಮನೆಯ ಸರಕು ಮಾರುವ ಸೇಲ್ಸ್‌ಮನ್ ಆದ. ಅಪರಿಚಿತರ ಮನೆಯ ಬಾಗಿಲು ತಟ್ಟಿ, ಗೃಹಿಣಿಯ ವಿಶ್ವಾಸ ಗಳಿಸುವ ಆ ವಿದ್ಯೆಯೇ ಮುಂದೆ ಆತನ ರಾಜಕೀಯಕ್ಕೆ ಬಂಡವಾಳವಾಯಿತು. ಟುಲೇನ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದಷ್ಟು ಕಾಲ ಕಾನೂನು ಓದಿ, ಪದವಿ ಪಡೆಯದೆಯೇ ವಿಶೇಷ ಅನುಮತಿಯಿಂದ ಪರೀಕ್ಷೆ ಬರೆದು, 1915ರಲ್ಲಿ ವಕೀಲನಾದ.

1918ರಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ, ರಾಜ್ಯದ ರೈಲ್ವೆ ಆಯೋಗಕ್ಕೆ ಚುನಾಯಿತನಾದ. ರೈಲು, ದೂರವಾಣಿ, ತೈಲ ಕೊಳವೆಗಳಂಥ ಸಾರ್ವಜನಿಕ ಸೇವೆಗಳ ಮೇಲೆ ನಿಗಾ ಇಡಬೇಕಿದ್ದ ಸಂಸ್ಥೆ ಅದು. ಅಲ್ಲಿಯವರೆಗೆ ನಿದ್ರಿಸುತ್ತಿದ್ದ ಆ ಆಯೋಗವನ್ನು ಲಾಂಗ್ ಎಚ್ಚರಿಸಿದ. ದೂರವಾಣಿ ಕಂಪನಿಯೊಂದು ಹೆಚ್ಚಿಸಿದ್ದ ದರದ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಾದಿಸಿದ. ಗ್ರಾಹಕರ ಹಣ ಗ್ರಾಹಕರಿಗೆ ಹಿಂದಿರುಗಿತು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯೊಡನೆ ಆತ ನಡೆಸಿದ ಜಗಳಕ್ಕೆ ಸ್ವಂತದ ಗಾಯವೂ ಸೇರಿಕೊಂಡಿತ್ತು. ಸಣ್ಣ ತೈಲ ಕಂಪನಿಯೊಂದರಲ್ಲಿ ಆತನದ್ದೂ ಷೇರುಗಳಿದ್ದವು. ಅದರ ತೈಲವನ್ನು ದೊಡ್ಡ ಕಂಪನಿಗಳು ಕೊಳ್ಳದೆ ಹೋದಾಗ ಆ ಷೇರುಗಳು ಕಾಗದವಾದವು. ಸಾರ್ವಜನಿಕ ಹಿತ ಮತ್ತು ಸ್ವಂತ ಹಗೆ ಆತನಲ್ಲಿ ಎಂದೂ ಬೇರೆಬೇರೆಯಾಗಿ ನಡೆಯಲಿಲ್ಲ ಎಂಬುದಕ್ಕೆ ಇದು ಮೊದಲ ಸಾಕ್ಷಿ.

1924ರಲ್ಲಿ ಗವರ್ನರ್ ಹುದ್ದೆಗೆ ಸ್ಪರ್ಧಿಸಿ ಸೋತ. 1928ರಲ್ಲಿ ಗೆದ್ದಾಗ ವಯಸ್ಸು ಮೂವತ್ತನಾಲ್ಕು. ಆಗಿನ ಲೂಯಿಸಿಯಾನಾದ ಸ್ಥಿತಿಯನ್ನು ನೆನೆಯದೆ ಆತನನ್ನು ಅಳೆಯುವುದು ನ್ಯಾಯವಲ್ಲ. ಇಡೀ ರಾಜ್ಯದಲ್ಲಿದ್ದ ಕಾಂಕ್ರೀಟ್ ರಸ್ತೆ ಸುಮಾರು 300 ಮೈಲಿ. ಮಳೆಗಾಲದಲ್ಲಿ ರೈತನ ಗಾಡಿ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಅನಕ್ಷರತೆಯಲ್ಲಿ ಆ ರಾಜ್ಯ ದೇಶದ ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿತ್ತು. ನೆಲದಡಿಯಲ್ಲಿ ತೈಲವಿತ್ತು, ಅನಿಲವಿತ್ತು. ನೆಲದ ಮೇಲಿನ ಜನರಿಗೆ ಅದರ ಪಾಲು ಇರಲಿಲ್ಲ.

ಲಾಂಗ್ ಮೊದಲು ಕೈಹಾಕಿದ್ದು ಇದಕ್ಕೇ. ನೆಲದಿಂದ ತೆಗೆಯುವ ತೈಲ ಮತ್ತು ಅನಿಲದ ಮೇಲಿನ ತೆರಿಗೆಯನ್ನು ಬೆಲೆಯ ಬದಲಾಗಿ ಪ್ರಮಾಣದ ಆಧಾರದಲ್ಲಿ ವಿಧಿಸಿದ. ಆ ಹಣದಿಂದ ಶಾಲಾ ಮಕ್ಕಳಿಗೆಲ್ಲ ಉಚಿತ ಪಠ್ಯಪುಸ್ತಕ ಕೊಡಿಸಿದ. ಪುಸ್ತಕವನ್ನು ಶಾಲೆಗಲ್ಲ, ಮಗುವಿಗೆ ಕೊಡುವುದು ಎಂದು ಕಾನೂನನ್ನು ಹೆಣೆದದ್ದು ಆತನ ಜಾಣ್ಮೆ. ಹೀಗಾಗಿ ಕ್ಯಾಥೊಲಿಕ್ ಶಾಲೆಗಳ ಮಕ್ಕಳಿಗೂ ಪುಸ್ತಕ ತಲುಪಿತು. ಸರ್ಕಾರದ ಹಣ ಧಾರ್ಮಿಕ ಶಾಲೆಗಳಿಗೆ ಹೋಗುತ್ತದೆಂದು ಆಕ್ಷೇಪಿಸಿ ವಿರೋಧಿಗಳು ನ್ಯಾಯಾಲಯಕ್ಕೆ ಹೋದರು. 1930ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಲಾಭವಾಗುವುದು ಮಗುವಿಗೆ, ಸಂಸ್ಥೆಗಲ್ಲ ಎಂಬುದು ತೀರ್ಪಿನ ಸಾರ.

ಉಳಿದ ಸುಧಾರಣೆಗಳೂ ಇದೇ ವೇಗದಲ್ಲಿ ಬಂದವು. ನ್ಯೂ ಆರ್ಲಿಯನ್ಸ್ ನಗರದ ಮನೆಗಳು ದುಬಾರಿಯಾದ ಕೃತಕ ಅನಿಲದಿಂದ ಅಡುಗೆ ಮಾಡುತ್ತಿದ್ದವು. ಲಾಂಗ್ ಕಂಪನಿಯನ್ನು ಮಣಿಸಿ ಅಗ್ಗದ ನೈಸರ್ಗಿಕ ಅನಿಲವನ್ನು ಕೊಳವೆಯಲ್ಲಿ ತರಿಸಿದ. ವಯಸ್ಕರಿಗಾಗಿ ನಡೆಸಿದ ರಾತ್ರಿಶಾಲೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಓದುಬರಹ ಕಲಿತರು. ಅವರಲ್ಲಿ ಕಪ್ಪು ಜನರೂ ದೊಡ್ಡ ಸಂಖ್ಯೆಯಲ್ಲಿದ್ದರು. ಬಾಂಡುಗಳ ಮೂಲಕ ಸಾಲವೆತ್ತಿ ರಸ್ತೆಗಳನ್ನೂ ಸೇತುವೆಗಳನ್ನೂ ಕಟ್ಟಿಸಿದ. 1930ರ ದಶಕದ ನಡುವಿನ ಹೊತ್ತಿಗೆ ಕಾಂಕ್ರೀಟ್ ರಸ್ತೆ 2,000 ಮೈಲಿ ದಾಟಿತ್ತು. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ರಸ್ತೆಯಷ್ಟೇ ಮುಖ್ಯವಾದದ್ದು ಅದು ಕೊಟ್ಟ ಕೂಲಿ. ರಾಜ್ಯದ ಸಾಲ ಹಲವು ಪಟ್ಟು ಬೆಳೆದದ್ದೂ ನಿಜ.

ಆರೋಗ್ಯದ ವಿಷಯಕ್ಕೆ ಬಂದರೆ, ಬಡವರ ಪಾಲಿನ ದಿಕ್ಕಾಗಿದ್ದ ನ್ಯೂ ಆರ್ಲಿಯನ್ಸಿನ ಚಾರಿಟಿ ಆಸ್ಪತ್ರೆಗೆ ಹಣ ಹರಿಸಿದ. ರಾಜ್ಯದಲ್ಲಿ ವೈದ್ಯ ಶಿಕ್ಷಣವೆಂದರೆ ಖಾಸಗಿ ಟುಲೇನ್ ವಿಶ್ವವಿದ್ಯಾಲಯ ಮಾತ್ರ ಎಂಬಂತಿದ್ದ ಕಾಲದಲ್ಲಿ, 1931ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜನ್ನು ತೆರೆಯಿಸಿದ. ಬಡವರ ಮಕ್ಕಳೂ ಡಾಕ್ಟರಾಗುವ ದಾರಿ ತೆರೆಯಿತು. ಆಸ್ಪತ್ರೆಯ ಮುಖ್ಯಸ್ಥನನ್ನಾಗಿ ಆತ ನೇಮಿಸಿದ್ದು ತನ್ನ ಬೆಂಬಲಿಗನಾಗಿದ್ದ ಯುವ ವೈದ್ಯ ಆರ್ಥರ್ ವಿಡ್ರೀನ್‌ನನ್ನು; ಹೊಸ ಕಾಲೇಜಿನ ಮುಖ್ಯಸ್ಥನೂ ಆತನೇ ಆದ.

ಇಷ್ಟನ್ನು ಓದಿದ ನಾನು, ಆ ಕಾಲದ ಲೂಯಿಸಿಯಾನಾದಲ್ಲಿ ಇದ್ದಿದ್ದರೆ ಈತನಿಗೇ ಮತ ಹಾಕುತ್ತಿದ್ದೆ ಎಂದುಕೊಂಡಿದ್ದೆ. ಈಗಲೂ ಆ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳಲಾರೆ. ಕಥೆಯ ಇನ್ನೊಂದು ಮಗ್ಗುಲು ಆರಂಭವಾಗುವುದು 1929ರಲ್ಲಿ. ಸಂಸ್ಕರಿಸಿದ ಪ್ರತಿ ಬ್ಯಾರೆಲ್ ತೈಲಕ್ಕೆ ಐದು ಸೆಂಟ್ ತೆರಿಗೆ ಹಾಕಲು ಲಾಂಗ್ ಮುಂದಾದಾಗ ತೈಲ ಕಂಪನಿಗಳೂ ಹಳೆಯ ರಾಜಕಾರಣಿಗಳೂ ಒಂದಾದರು. ಕೆಳಮನೆ ಆತನ ವಿರುದ್ಧ ವಾಗ್ದಂಡನೆಗೆ ಮತ ಹಾಕಿತು. ಲಂಚ, ಅಧಿಕಾರ ದುರುಪಯೋಗದಂಥ ಆರೋಪಗಳ ಪಟ್ಟಿಯೇ ಸಿದ್ಧವಾಯಿತು. ಆದರೆ ವಿಚಾರಣೆ ಏನೇ ಹೇಳಲಿ, ತಾವು ಆತನನ್ನು ತಪ್ಪಿತಸ್ಥನೆನ್ನುವುದಿಲ್ಲ ಎಂದು ಹದಿನೈದು ಸೆನೆಟರುಗಳು ಮೊದಲೇ ಸಹಿ ಹಾಕಿಕೊಟ್ಟರು. ಮೂರನೇ ಎರಡರಷ್ಟು ಬಹುಮತ ಅಸಾಧ್ಯವಾಗಿ ಪ್ರಕರಣ ಬಿದ್ದುಹೋಯಿತು.

ಆ ಪೆಟ್ಟಿನಿಂದ ಲಾಂಗ್ ಕಲಿತ ಪಾಠ ಒಂದೇ: ಇನ್ನು ಮುಂದೆ ಯಾರೂ ತನ್ನನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಬಾರದು. ತಾನು ನೇಮಿಸಿದವರಿಂದ ದಿನಾಂಕವಿಲ್ಲದ ರಾಜೀನಾಮೆ ಪತ್ರಗಳನ್ನು ಬರೆಸಿಟ್ಟುಕೊಂಡ. ಸರ್ಕಾರಿ ನೌಕರರ ಸಂಬಳದಿಂದ ಪಕ್ಷದ ನಿಧಿಗೆ ಹಣ ಕಡಿತವಾಗತೊಡಗಿತು. 1932ರಲ್ಲಿ ರಾಷ್ಟ್ರೀಯ ಸೆನೆಟ್ ಸದಸ್ಯನಾಗಿ ವಾಷಿಂಗ್ಟನ್ನಿಗೆ ಹೋದ ಮೇಲೂ, ತನ್ನ ಆಪ್ತ ಆಸ್ಕರ್ ಅಲೆನ್‌ನನ್ನು ಗವರ್ನರ್ ಕುರ್ಚಿಯಲ್ಲಿ ಕೂರಿಸಿ ರಾಜ್ಯವನ್ನು ತಾನೇ ಆಳಿದ. ಶಾಸನಸಭೆಯ ಸದಸ್ಯನಲ್ಲದಿದ್ದರೂ ಸಭಾಂಗಣದೊಳಗೆ ಓಡಾಡುತ್ತ, ಹತ್ತಾರು ಮಸೂದೆಗಳನ್ನು ಗಂಟೆಗಳ ಲೆಕ್ಕದಲ್ಲಿ ಪಾಸು ಮಾಡಿಸಿದ. ಶಾಲಾ ಶಿಕ್ಷಕರ ನೇಮಕವೂ ಆತನ ಹಿಡಿತದ ಸಮಿತಿಗಳ ಕೈಸೇರಿತು.

ರಾಜ್ಯ ವಿಶ್ವವಿದ್ಯಾಲಯ ಆತನ ಪ್ರೀತಿಯ ಕೂಸು. 1934ರಲ್ಲಿ ಅದರ ಫುಟ್‌ಬಾಲ್ ಆಟಗಾರನೊಬ್ಬನಿಗೆ ರಾಜ್ಯ ಸೆನೆಟ್ ಸ್ಥಾನ ಕೊಡಿಸಹೋದ ಲಾಂಗ್‌ನನ್ನು ಟೀಕಿಸುವ ಪತ್ರವೊಂದು ವಿದ್ಯಾರ್ಥಿ ಪತ್ರಿಕೆಯ ಅಚ್ಚಿಗೆ ಹೋಯಿತು. ಆ ಸಂಚಿಕೆಯನ್ನು ತಡೆಯಲಾಯಿತು. ಪ್ರಕರಣ ಬೆಳೆದು ಏಳು ವಿದ್ಯಾರ್ಥಿಗಳು ಹೊರಹಾಕಲ್ಪಟ್ಟರು. ಅದೇ ವರ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಪ್ರಸಾರವುಳ್ಳ ಪತ್ರಿಕೆಗಳ ಜಾಹೀರಾತು ಆದಾಯಕ್ಕೆ ಶೇ 2ರಷ್ಟು ತೆರಿಗೆ ಬಂದಿತು. ಆ ವ್ಯಾಪ್ತಿಗೆ ಬಂದವು ಹದಿಮೂರು ಪತ್ರಿಕೆಗಳು. ಅವುಗಳಲ್ಲಿ ಹನ್ನೆರಡು ಲಾಂಗ್‌ನ ವಿರೋಧಿಗಳು. ಜನರಿಗೆ ಓದಲು ಕಲಿಸಿದವನೇ ಅವರು ಏನನ್ನು ಓದಬೇಕೆಂಬುದನ್ನೂ ನಿರ್ಧರಿಸಹೊರಟಿದ್ದ.

ಆಗ ಆತ ರಾಷ್ಟ್ರನಾಯಕನಾಗಿಯೂ ಬೆಳೆಯುತ್ತಿದ್ದ. ಸಿರಿವಂತರ ಸಂಪತ್ತಿಗೆ ಮಿತಿ ಹಾಕಿ ಬಡವರಿಗೆ ಹಂಚಬೇಕೆಂಬ ಆತನ 1934ರ ಯೋಜನೆಗೆ ದೇಶದಾದ್ಯಂತ ಸಂಘಗಳು ಹುಟ್ಟಿಕೊಂಡವು. ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಆತನನ್ನು ಲಘುವಾಗಿ ಕಾಣಲಿಲ್ಲ. ಆದರೆ 1935ರ ಸೆಪ್ಟೆಂಬರ್ 8ರ ರಾತ್ರಿ, ತಾನೇ ಕಟ್ಟಿಸಿದ್ದ ಮೂವತ್ತನಾಲ್ಕು ಅಂತಸ್ತಿನ ರಾಜ್ಯ ಭವನದ ಒಳಗೆ, ಆತನಿಗೆ ಗುಂಡು ತಗಲಿತು. ಗುಂಡು ಹಾರಿಸಿದನೆನ್ನಲಾದ ಕಾರ್ಲ್ ವೈಸ್ ಒಬ್ಬ ಯುವ ವೈದ್ಯ. ಆತನ ಮಾವ, ನ್ಯಾಯಾಧೀಶ ಬೆಂಜಮಿನ್ ಪೇವಿ, ಲಾಂಗ್‌ನ ವಿರೋಧಿ. ಪೇವಿಯನ್ನು ಹುದ್ದೆಯಿಂದ ಕೆಳಗಿಳಿಸಲೆಂದೇ ಕ್ಷೇತ್ರದ ಗಡಿಯನ್ನು ಬದಲಿಸುವ ಮಸೂದೆ ಆಗ ಸದನದ ಮುಂದಿತ್ತು. ವೈಸ್‌ನನ್ನು ಅಂಗರಕ್ಷಕರು ಸ್ಥಳದಲ್ಲೇ ಕೊಂದರು. ಲಾಂಗ್‌ಗೆ ತಗಲಿದ್ದು ಅಂಗರಕ್ಷಕರದೇ ಗುಂಡು ಎಂಬ ವಾದ ಇಂದಿಗೂ ನಿಂತಿಲ್ಲ.

ನ್ಯೂ ಆರ್ಲಿಯನ್ಸಿನಿಂದ ಹೊರಟ ಅನುಭವಿ ಶಸ್ತ್ರವೈದ್ಯರು ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ತಡವಾದರು. ಶಸ್ತ್ರಕ್ರಿಯೆ ನಡೆಸಿದವನು ಆರ್ಥರ್ ವಿಡ್ರೀನ್, ಲಾಂಗ್ ಚಾರಿಟಿ ಆಸ್ಪತ್ರೆಗೆ ಆರಿಸಿ ತಂದಿದ್ದ ಅದೇ ವೈದ್ಯ. ಮೂತ್ರಪಿಂಡದಲ್ಲಿ ಆಗಿದ್ದ ರಕ್ತಸ್ರಾವ ಗಮನಕ್ಕೆ ಬರಲಿಲ್ಲ. ಸೆಪ್ಟೆಂಬರ್ 10ರ ಮುಂಜಾನೆ, ನಲವತ್ತೆರಡನೆಯ ವಯಸ್ಸಿನಲ್ಲಿ, ಲಾಂಗ್ ತೀರಿಕೊಂಡ. ಕೆಲವರು ಇದನ್ನು ವಿಧಿಯ ವ್ಯಂಗ್ಯವೆನ್ನುತ್ತಾರೆ. ಬೇರೆ ವೈದ್ಯನಾಗಿದ್ದರೆ ಉಳಿಸುತ್ತಿದ್ದನೇ ಎಂಬುದು ಯಾರೂ ಬಿಡಿಸಲಾಗದ ಒಗಟು. ಆ ಮಾತಿಗೆ ನಾನು ಹೋಗುವುದಿಲ್ಲ.

ನನ್ನನ್ನು ಕಾಡುವುದು ಬೇರೊಂದು ಸಂಗತಿ. ಲಾಂಗ್ ಸತ್ತ ನಂತರ ಆತ ಕಟ್ಟಿದ ಯಂತ್ರ ಹಾಗೆಯೇ ಉಳಿಯಿತು. ಅದನ್ನು ನಡೆಸಿದವರು ಮಾತ್ರ ಬೇರೆಯವರು. 1939ರಲ್ಲಿ ಬಯಲಾದ ಹಗರಣಗಳಲ್ಲಿ ಗವರ್ನರ್ ರಿಚರ್ಡ್ ಲೇಷ್ ರಾಜೀನಾಮೆ ಕೊಟ್ಟು ಮುಂದೆ ಶಿಕ್ಷೆಗೊಳಗಾದ. ಲಾಂಗ್ ಕಾಲದಿಂದಲೂ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದ ಜೇಮ್ಸ್ ಮನ್ರೋ ಸ್ಮಿತ್ ಹಣ ದುರುಪಯೋಗಕ್ಕಾಗಿ ಸೆರೆಮನೆ ಸೇರಿದ. ತಡೆಯುವವರನ್ನೆಲ್ಲ ಬದಿಗೆ ಸರಿಸಿ ಒಳ್ಳೆಯ ಕೆಲಸ ಮಾಡಬಹುದು. ಆ ಮೇಲೆ ಬರುವವನು ಕೆಟ್ಟ ಕೆಲಸಕ್ಕೆ ಇಳಿದಾಗ ತಡೆಯಲು ಯಾರೂ ಉಳಿದಿರುವುದಿಲ್ಲ.

ಹಾಗೆಂದು ಉಚಿತ ಪುಸ್ತಕ, ಅಗ್ಗದ ಅನಿಲ, ಬಡವರ ಆಸ್ಪತ್ರೆಗಳನ್ನು ಸರ್ವಾಧಿಕಾರದ ಬೀಜಗಳೆಂದು ಹಳಿಯುವವರ ಜೊತೆಗೂ ನಾನು ನಿಲ್ಲಲಾರೆ. ಲಾಂಗ್‌ಗಿಂತ ಮುಂಚೆ ಆಳಿದ ಸಭ್ಯರು ಸಂಸ್ಥೆಗಳ ಘನತೆಯನ್ನು ಕಾಯ್ದುಕೊಂಡು ಜನರನ್ನು ಕೆಸರಿನಲ್ಲೇ ಬಿಟ್ಟಿದ್ದರು. ಅವರ ಉದಾಸೀನವೇ ಲಾಂಗ್‌ನನ್ನು ಹುಟ್ಟುಹಾಕಿತು.

ಪತ್ರಿಕೆಗಳ ಮೇಲಿನ ತೆರಿಗೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1936ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಆಗ ಲಾಂಗ್ ಸತ್ತು ಐದು ತಿಂಗಳು. ಆರು ವರ್ಷಗಳ ಹಿಂದೆ ಮಕ್ಕಳ ಪುಸ್ತಕದ ಕಾನೂನನ್ನು ಎತ್ತಿಹಿಡಿದಿದ್ದುದೂ ಅದೇ ನ್ಯಾಯಾಲಯ. ಒಬ್ಬನೇ ವ್ಯಕ್ತಿಯ ಒಂದು ಕಾನೂನಿಗೆ ಸರಿ ಎಂದು, ಇನ್ನೊಂದಕ್ಕೆ ತಪ್ಪು ಎಂದು ಹೇಳಬಲ್ಲ ಜಾಗವೊಂದು ಆತನ ಕೈಗೆ ಸಿಗದೆ ಉಳಿದಿತ್ತು. ಪುಸ್ತಕ ಕೊಡುವ ನಾಯಕನಿಗಾಗಿ ನಾವು ಮತ ಹಾಕುವಾಗ, ಅಂಥ ಜಾಗವನ್ನು ಆತ ಉಳಿಸುವನೇ ಎಂದೂ ಕೇಳಬೇಕು. ಅರ್ಧ ಬೆಲೆಯ ಪುಸ್ತಕ ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಈಗ ಅದನ್ನು ಕೇಳದೆ ಇರುವಂತಿಲ್ಲ.