ಬ್ರೂಸ್ ಲೀ: ದಂತಕತೆ ಮತ್ತು ಮನುಷ್ಯ

ಟೇಬಲ್ ಟೆನಿಸ್ ಮೇಜಿನ ಒಂದು ತುದಿಯಲ್ಲಿ ಬ್ರೂಸ್ ಲೀ ನಿಂತಿದ್ದಾನೆ. ಕೈಯಲ್ಲಿ ಬ್ಯಾಟ್ ಇಲ್ಲ, ಸರಪಳಿಯಿಂದ ಬಿಗಿದ ಎರಡು ಕೋಲುಗಳ ನಂಚಾಕು ಇದೆ. ಅದನ್ನೇ ಬೀಸುತ್ತ ಆತ ಎದುರಿನಿಂದ ಬಂದ ಚೆಂಡುಗಳನ್ನು ಹಿಂದಿರುಗಿಸುತ್ತಾನೆ. ಹಳೆಯ ಫಿಲ್ಮಿನಂತೆ ಮಸುಕಾಗಿ ಕಾಣುವ ಈ ದೃಶ್ಯ ಮೊಬೈಲ್‌ನಿಂದ ಮೊಬೈಲ್‌ಗೆ ದಾಟುತ್ತಲೇ ಇದೆ. ಕಳುಹಿಸುವವರಲ್ಲಿ ಹೆಚ್ಚಿನವರು ಅದನ್ನು ನಿಜವೆಂದೇ ನಂಬಿರುತ್ತಾರೆ. ಅದು 2008ರಲ್ಲಿ ನೋಕಿಯಾ ಕಂಪೆನಿ ತನ್ನ ಫೋನೊಂದರ ಪ್ರಚಾರಕ್ಕಾಗಿ ಚೀನಾದ ಮಾರುಕಟ್ಟೆಗೆಂದು ಮಾಡಿಸಿದ ಜಾಹೀರಾತು. ಅದರಲ್ಲಿರುವವನು ಲೀಯನ್ನು ಹೋಲುವ ಬೇರೊಬ್ಬ ನಟ. ಲೀ ತೀರಿಕೊಂಡು ಆ ಹೊತ್ತಿಗೆ 35 ವರ್ಷಗಳಾಗಿದ್ದವು.

ಈ ನಂಬಿಕೆಯ ಬಗ್ಗೆ ನನಗೆ ಅಚ್ಚರಿಯೇನಿಲ್ಲ. ಬ್ರೂಸ್ ಲೀ ವಿಷಯದಲ್ಲಿ ನಾವು ಏನನ್ನಾದರೂ ನಂಬಲು ಸಿದ್ಧರಾಗಿದ್ದೇವೆ. ಆತ ಸೋಲನ್ನೇ ಕಾಣದ ಹೋರಾಟಗಾರ, ತತ್ತ್ವಶಾಸ್ತ್ರದ ಪದವೀಧರ, ರಹಸ್ಯ ಗುರುಗಳ ಶಾಪಕ್ಕೆ ಬಲಿಯಾದವನು ಎಂಬ ಮಾತುಗಳು ಅರ್ಧ ಶತಮಾನದಿಂದ ಚಲಾವಣೆಯಲ್ಲಿವೆ. ಅಭಿಮಾನಿಗಳು ಪ್ರೀತಿಯಿಂದ ಕಟ್ಟಿದ ಈ ಕಥೆಗಳನ್ನು ಕೆಡವುವುದೇಕೆ ಎಂದು ಕೇಳಬಹುದು. ನನ್ನ ಆಕ್ಷೇಪ ಇಷ್ಟೇ: ಹುಟ್ಟಿನಿಂದಲೇ ಅತಿಮಾನುಷನಾಗಿದ್ದವನಿಗೆ ದುಡಿಯಬೇಕಾದ ಅಗತ್ಯವಿರುವುದಿಲ್ಲ. ದಂತಕತೆಯು ಲೀಯನ್ನು ಎತ್ತರಕ್ಕೇರಿಸಿದಂತೆ ತೋರಿದರೂ, ಅವನು ನಿಜವಾಗಿ ಸಂಪಾದಿಸಿದ್ದನ್ನು ಅವನಿಂದ ಕಸಿದುಕೊಳ್ಳುತ್ತದೆ.

ಹುಟ್ಟಿನಿಂದಲೇ ಆರಂಭಿಸೋಣ. ಹಾಂಗ್‌ಕಾಂಗಿನ ಗಲ್ಲಿಗಳ ಬಡಹುಡುಗ ಎಂಬುದು ಪ್ರಚಲಿತ ಚಿತ್ರ. ವಾಸ್ತವದಲ್ಲಿ ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ತಂದೆ ಲೀ ಹೋಯ್ ಚುವೆನ್ ಕ್ಯಾಂಟೊನೀಸ್ ಸಂಗೀತ ನಾಟಕದ ಹೆಸರಾಂತ ನಟ. ನಾಟಕ ತಂಡದೊಂದಿಗೆ ಅಮೆರಿಕ ಪ್ರವಾಸದಲ್ಲಿದ್ದರು. ತಾಯಿ ಗ್ರೇಸ್ ಹೋ ಹಾಂಗ್‌ಕಾಂಗಿನ ಸಿರಿವಂತ ಮಿಶ್ರವಂಶದ ಮನೆತನಕ್ಕೆ ಸೇರಿದವರು. ಮಗು ಕೆಲವೇ ತಿಂಗಳದ್ದಾಗಿದ್ದಾಗ ಅದನ್ನು ಕ್ಯಾಮೆರಾ ಮುಂದೆ ತರಲಾಯಿತು. ಮುಂದೆ ಹಾಂಗ್‌ಕಾಂಗಿನಲ್ಲಿ ಬೆಳೆದ ಹುಡುಗ ಹದಿನೆಂಟು ತುಂಬುವ ವೇಳೆಗೆ ಸುಮಾರು ಇಪ್ಪತ್ತು ಚಿತ್ರಗಳಲ್ಲಿ ನಟಿಸಿದ್ದ. ಅಂದರೆ ಲೀ ಹೋರಾಟಗಾರನಾಗುವ ಮೊದಲೇ ನಟನಾಗಿದ್ದವನು. ಕ್ಯಾಮೆರಾಕ್ಕೆ ಯಾವ ಚಲನೆ ಹೇಗೆ ಕಾಣುತ್ತದೆ, ಕಣ್ಣಿನ ಒಂದು ನೋಟಕ್ಕೆ ಎಷ್ಟು ಬೆಲೆ ಎಂಬ ತಿಳಿವಳಿಕೆ ಅವನಿಗೆ ಮನೆಯಿಂದ ಬಂದ ಬಳುವಳಿ.

ಅವನ ಹೆತ್ತವರು ಮೊದಲ ಗಂಡುಮಗುವನ್ನು ಹಸುಗೂಸಾಗಿದ್ದಾಗಲೇ ಕಳೆದುಕೊಂಡಿದ್ದರು. ದುಷ್ಟಶಕ್ತಿಗಳ ಕಣ್ಣು ತಪ್ಪಿಸಲೆಂದು ಈ ಮಗನಿಗೆ ಮನೆಯಲ್ಲಿ ಹೆಣ್ಣುಮಕ್ಕಳ ಹೆಸರೊಂದನ್ನು ಇಟ್ಟಿದ್ದರು. ಮಕ್ಕಳು ಉಳಿಯದ ಮನೆಗಳಲ್ಲಿ ಹುಟ್ಟಿದ ಕೂಸಿಗೆ ತಿಪ್ಪ, ಗುಂಡ ಎಂದು ಹೆಸರಿಡುತ್ತಿದ್ದ ನಮ್ಮ ನಾಡಿನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆದರೆ ಮುಂದೆ ಲೀ ಮತ್ತು ಅವನ ಮಗ ಇಬ್ಬರೂ ಅಕಾಲದಲ್ಲಿ ಸತ್ತಾಗ, ಪುತ್ರಶೋಕದಿಂದ ಹುಟ್ಟಿದ ಈ ಸಾಮಾನ್ಯ ಆಚಾರವೇ ವಂಶಕ್ಕೆ ತಟ್ಟಿದ ಶಾಪದ ಪುರಾವೆಯಾಗಿ ಮಾರ್ಪಟ್ಟಿತು.

ಹದಿಹರೆಯದಲ್ಲಿ ಲೀ ಜಗಳಗಂಟನಾಗಿದ್ದ ಎಂಬುದು ನಿಜ. ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಪದ್ಧತಿಯನ್ನು ಕಲಿತದ್ದೂ ನಿಜ. ಆದರೆ ಅಜೇಯ ಚಾಂಪಿಯನ್ ಎಂಬ ಮಾತಿಗೆ ಆಧಾರ ತೀರಾ ತೆಳುವಾದುದು. 1958ರಲ್ಲಿ ಹಾಂಗ್‌ಕಾಂಗಿನ ಶಾಲೆಗಳ ನಡುವಿನ ಬಾಕ್ಸಿಂಗ್ ಪಂದ್ಯಾವಳಿಯಲ್ಲಿ ಆತ ಗೆದ್ದ. ಅದೇ ವರ್ಷ ಗೆದ್ದ ಮತ್ತೊಂದು ಪ್ರಶಸ್ತಿ ಚಾ ಚಾ ನೃತ್ಯದ್ದು! ಅಮೆರಿಕದ ಕರಾಟೆ ಪಂದ್ಯಾವಳಿಗಳಲ್ಲಿ ಆತ ಪ್ರದರ್ಶನ ನೀಡಿದ, ಸ್ಪರ್ಧಿಸಲಿಲ್ಲ. 1964ರಲ್ಲಿ ಲಾಂಗ್ ಬೀಚ್‌ನಲ್ಲಿ ನೀಡಿದ ಪ್ರದರ್ಶನ ಅವನ ವೇಗಕ್ಕೆ ಸಾಕ್ಷಿ. ಆ ವೇಗ ಕಟ್ಟುಕಥೆಯಲ್ಲ. ಗೆಲುವುಗಳ ಪಟ್ಟಿ ಮಾತ್ರ ಕಟ್ಟುಕಥೆ.

1959ರಲ್ಲಿ ನೂರು ಡಾಲರ್‌ಗಳೊಂದಿಗೆ ಅಮೆರಿಕಕ್ಕೆ ಹೋದ ಲೀ, ಸಿಯಾಟಲ್‌ನಲ್ಲಿ ಚೀನೀ ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ಓದು ಮುಂದುವರಿಸಿದ. 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಆತ ತತ್ತ್ವಶಾಸ್ತ್ರದ ಪದವೀಧರನೆಂದು ಎಷ್ಟೋ ಲೇಖನಗಳು ಬರೆದಿವೆ. ತತ್ತ್ವಶಾಸ್ತ್ರದ ಪಾಠಗಳನ್ನು ಕೇಳಿದ್ದು ಹೌದು; ವಿಶ್ವವಿದ್ಯಾಲಯದ ದಾಖಲೆಗಳ ಪ್ರಕಾರ ಅವನ ಮುಖ್ಯ ವಿಷಯ ನಾಟಕ. 1964ರಲ್ಲಿ ಪದವಿ ಮುಗಿಸದೆಯೇ ಹೊರಬಂದ. ಸಹಪಾಠಿ ಲಿಂಡಾ ಎಮರಿಯನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಕುಂಗ್ ಫು ಶಾಲೆ ನಡೆಸತೊಡಗಿದ.

ಆ ವರ್ಷದ ಕೊನೆಗೆ ಅಲ್ಲಿ ನಡೆದ ಒಂದು ಕಾಳಗ ಲೀ ಪುರಾಣದ ಕೇಂದ್ರ ಪ್ರಸಂಗ. ಎದುರಾಳಿ ವಾಂಗ್ ಜಾಕ್ ಮ್ಯಾನ್. ಚೀನೀಯರಲ್ಲದವರಿಗೆ ವಿದ್ಯೆ ಕಲಿಸಿದ್ದಕ್ಕಾಗಿ ಬಂದ ಸವಾಲದು, ಮೂರೇ ನಿಮಿಷಗಳಲ್ಲಿ ಲೀ ಗೆದ್ದ ಎಂಬುದು ಲಿಂಡಾ ನೀಡಿದ ವಿವರ. ಲೀ ಸಾರ್ವಜನಿಕವಾಗಿ ಆಡಿದ ದೊಡ್ಡ ಮಾತುಗಳೇ ಕಾರಣ, ಕಾಳಗ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ನಡೆಯಿತು ಎಂಬುದು ವಾಂಗ್ ಹೇಳಿಕೆ. ಮುಚ್ಚಿದ ಬಾಗಿಲ ಹಿಂದೆ ಬೆರಳೆಣಿಕೆಯ ಜನರ ಎದುರು ನಡೆದುದಕ್ಕೆ ಮೂರನೆಯ ತೀರ್ಪು ಸಿಗಲಾರದು. ಯಾರು ಗೆದ್ದರು ಎಂಬ ಪ್ರಶ್ನೆಗಿಂತ ಮರುದಿನದಿಂದ ಏನಾಯಿತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಲಿಂಡಾ ಅವರೇ ಹೇಳುವಂತೆ ಲೀಗೆ ಆ ಗೆಲುವಿನಿಂದ ತೃಪ್ತಿಯಾಗಲಿಲ್ಲ. ಆತ ಏದುಸಿರು ಬಿಟ್ಟಿದ್ದ, ಕಲಿತ ವಿದ್ಯೆ ನಡುವೆ ಕೈಕೊಟ್ಟಿತ್ತು. ದಂತಕತೆ ಹೇಳುವಂತೆ ಅದು ವಿಜಯೋತ್ಸವದ ದಿನವಾಗಿದ್ದರೆ ಲೀ ಅಲ್ಲಿಗೇ ನಿಂತುಬಿಡುತ್ತಿದ್ದ. ನಿಂತಿಲ್ಲ. ಓಟ, ಭಾರ ಎತ್ತುವ ವ್ಯಾಯಾಮಗಳತ್ತ ತಿರುಗಿದ. ಪಾಶ್ಚಾತ್ಯ ಬಾಕ್ಸಿಂಗ್ ಮತ್ತು ಕತ್ತಿವರಸೆಯ ಪುಸ್ತಕಗಳನ್ನು ಓದಿದ. ಮಹಮದ್ ಅಲಿಯ ಪಂದ್ಯಗಳ ಫಿಲ್ಮುಗಳನ್ನು ಮತ್ತೆ ಮತ್ತೆ ನೋಡಿ ಕಾಲಿನ ಚಲನೆಯನ್ನು ಅಭ್ಯಸಿಸಿದ. ಜೀತ್ ಕುನೆ ಡೊ ಎಂದು 1967ರಲ್ಲಿ ಆತ ಹೆಸರಿಟ್ಟ ಮಾರ್ಗದ ಬೇರುಗಳಿರುವುದು ಈ ಅತೃಪ್ತಿಯಲ್ಲಿ.

ಹಾಲಿವುಡ್ ಅವನನ್ನು ತಕ್ಷಣ ಅಪ್ಪಿಕೊಂಡಿತು ಎಂಬುದೂ ಸುಳ್ಳು. 1966ರಲ್ಲಿ ಆರಂಭವಾದ ಗ್ರೀನ್ ಹಾರ್ನೆಟ್ ಟಿ.ವಿ. ಧಾರಾವಾಹಿಯಲ್ಲಿ ಆತ ನಾಯಕನ ಕಾರು ಓಡಿಸುವ ಸಹಾಯಕ ಕೇಟೊ. ಧಾರಾವಾಹಿ 26 ಕಂತುಗಳಿಗೆ ನಿಂತುಹೋಯಿತು. ಆಮೇಲಿನ ವರ್ಷಗಳು ಸಣ್ಣಪುಟ್ಟ ಪಾತ್ರಗಳಲ್ಲಿ, ಸ್ಟೀವ್ ಮೆಕ್ವೀನ್, ಜೇಮ್ಸ್ ಕೊಬರ್ನ್‌ರಂಥ ತಾರೆಯರಿಗೆ ಪಾಠ ಹೇಳುವುದರಲ್ಲಿ ಕಳೆದವು.

1970ರಲ್ಲಿ ಸರಿಯಾಗಿ ಮೈ ಸಡಿಲಿಸಿಕೊಳ್ಳದೆ ಭಾರ ಎತ್ತಿದ ಲೀ ಬೆನ್ನಿಗೆ ತೀವ್ರ ಪೆಟ್ಟು ಮಾಡಿಕೊಂಡ. ಇನ್ನು ಮುಂದೆ ಕಾಲೆತ್ತಿ ಒದೆಯುವುದು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದರು. ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು, ಕೈಯಲ್ಲಿ ಹಣವಿಲ್ಲ, ತಿಂಗಳುಗಟ್ಟಲೆ ಹಾಸಿಗೆ. ಆ ದಿನಗಳಲ್ಲಿ ಆತ ಓದಿದ, ನೋಟುಪುಸ್ತಕಗಳನ್ನು ತುಂಬಿಸಿದ. ಅವನು ಹೆಚ್ಚು ಮನಸ್ಸಿಟ್ಟು ಓದಿದವರಲ್ಲಿ ನಮ್ಮ ಜಿಡ್ಡು ಕೃಷ್ಣಮೂರ್ತಿ ಒಬ್ಬರು. ತಮ್ಮನ್ನು ಲೋಕಗುರುವೆಂದು ಮೆರೆಸಲು ಕಟ್ಟಿದ ಸಂಸ್ಥೆಯನ್ನು 1929ರಲ್ಲಿ ತಾವೇ ವಿಸರ್ಜಿಸಿದವರು ಅವರು. ಸಿದ್ಧ ಚೌಕಟ್ಟು ಕಲಿಯುವವನನ್ನು ಕಟ್ಟಿಹಾಕುತ್ತದೆ ಎಂದು ಮನಗಂಡ ಲೀ ಕೂಡ 1970ರಲ್ಲಿ ತನ್ನ ಶಾಲೆಗಳನ್ನು ಮುಚ್ಚಿದ. ಅವನ ಟಿಪ್ಪಣಿಗಳು 1975ರಲ್ಲಿ, ಅವನ ಮರಣಾನಂತರ, ಪುಸ್ತಕವಾಗಿ ಬಂದವು. ಅದರಲ್ಲಿ ಅವನ ಸ್ವಂತ ವಿಚಾರಗಳ ಜೊತೆಗೆ ಬಾಕ್ಸಿಂಗ್, ಕತ್ತಿವರಸೆ ಮತ್ತು ದರ್ಶನದ ಗ್ರಂಥಗಳಿಂದ ಬರೆದಿಟ್ಟುಕೊಂಡ ಸಾಲುಗಳೂ ಸೇರಿಹೋಗಿವೆ. ಇಂದು ಲೀಯ ಚಿತ್ರದ ಕೆಳಗೆ ಮುದ್ರಿತವಾಗುವ ಹಲವು ಸುಭಾಷಿತಗಳು ಒಬ್ಬ ಶ್ರದ್ಧಾವಂತ ವಿದ್ಯಾರ್ಥಿ ನಕಲು ಮಾಡಿಕೊಂಡ ಅನ್ಯರ ಮಾತುಗಳು. ಇದರಿಂದ ಅವನ ಘನತೆ ಕುಂದುವುದೆಂದು ನಾನು ಭಾವಿಸುವುದಿಲ್ಲ. ಕಲಿಯುವವನು ಮಾಡುವುದೇ ಅದನ್ನು.

ಆರೇಳು ತಿಂಗಳುಗಳಲ್ಲಿ ಎದ್ದು ನಿಂತ ಲೀ 1971ರ ಆರಂಭದಲ್ಲಿ ಭಾರತಕ್ಕೆ ಬಂದ. ಕೊಬರ್ನ್ ಮತ್ತು ಲೇಖಕ ಸ್ಟರ್ಲಿಂಗ್ ಸಿಲಿಫಂಟ್ ಜೊತೆ ಸೇರಿ ಯೋಜಿಸಿದ್ದ ಚಿತ್ರವೊಂದಕ್ಕೆ ಸ್ಥಳಗಳನ್ನು ಹುಡುಕುವುದು ಉದ್ದೇಶ. ಭಾರತದಲ್ಲಿ ಸಿಲುಕಿಕೊಂಡಿದ್ದ ತನ್ನ ರೂಪಾಯಿ ಗಳಿಕೆಯನ್ನು ಇಲ್ಲೇ ಖರ್ಚು ಮಾಡಬೇಕೆಂಬುದು ವಾರ್ನರ್ ಕಂಪೆನಿಯ ಷರತ್ತು. ಸ್ಥಳಗಳು ಹಿಡಿಸಲಿಲ್ಲ, ಚಿತ್ರ ಬಿದ್ದುಹೋಯಿತು. ಅದೇ ಕಾಲದಲ್ಲಿ ಕೈತಪ್ಪಿದ ಮತ್ತೊಂದು ಅವಕಾಶ ಕುಂಗ್ ಫು ಧಾರಾವಾಹಿ. ಅದು ಲೀಯ ಕಲ್ಪನೆ, ಕಂಪೆನಿ ಕದ್ದಿತು ಎಂಬುದು ಜನಪ್ರಿಯ ಆರೋಪ. ಆದರೆ ಆ ಕಥೆಯನ್ನು ಬರೆದವರು ಎಡ್ ಸ್ಪೀಲ್ಮನ್ ಮತ್ತು ಹೊವರ್ಡ್ ಫ್ರೀಡ್‌ಲ್ಯಾಂಡರ್. ಲೀ ಸಿದ್ಧಪಡಿಸಿದ್ದು ಬೇರೊಂದು ಕಥಾರೂಪ. ಅದು ವಾರಿಯರ್ ಎಂಬ ಧಾರಾವಾಹಿಯಾಗಿ ತೆರೆಕಂಡಿದ್ದು 2019ರಲ್ಲಿ. ಕಳ್ಳತನದ ಕಥೆ ನಿಲ್ಲುವುದಿಲ್ಲ. ಆದರೆ ಅದರ ಹಿಂದಿನ ಅನ್ಯಾಯ ಕಲ್ಪಿತವಲ್ಲ: ಅರೆಚೀನೀ ಸನ್ಯಾಸಿಯ ಆ ಪಾತ್ರಕ್ಕೆ ಪರಿಗಣಿತನಾಗಿದ್ದ ಲೀಯನ್ನು ಬಿಟ್ಟು ಡೇವಿಡ್ ಕ್ಯಾರಡೈನ್ ಎಂಬ ಬಿಳಿಯ ನಟನನ್ನು ಆರಿಸಲಾಯಿತು. ಭಾರತದಲ್ಲಿ ತಯಾರಾಗಬೇಕಿದ್ದ ಆ ಚಿತ್ರವೂ 1978ರಲ್ಲಿ ಬೇರೆ ಹೆಸರಿನಿಂದ ಬಂದಾಗ, ಲೀ ಮಾಡಬೇಕೆಂದಿದ್ದ ಪಾತ್ರಗಳಲ್ಲಿ ಕಾಣಿಸಿಕೊಂಡವನು ಅದೇ ಕ್ಯಾರಡೈನ್.

ಹಾಲಿವುಡ್ ಬಾಗಿಲು ಮುಚ್ಚಿದ್ದರಿಂದಲೇ ಲೀ ಹಾಂಗ್‌ಕಾಂಗಿನತ್ತ ತಿರುಗಿದ. ನಿರ್ಮಾಪಕ ರೇಮಂಡ್ ಚೌ ಅವರ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆ ಎರಡು ಚಿತ್ರಗಳಿಗೆ 15,000 ಡಾಲರ್ ಕೊಟ್ಟಿತು. 1971ರ ದ ಬಿಗ್ ಬಾಸ್ ಹಾಂಗ್‌ಕಾಂಗಿನ ಗಳಿಕೆಯ ದಾಖಲೆ ಮುರಿಯಿತು. 1972ರಲ್ಲಿ ಫಿಸ್ಟ್ ಆಫ್ ಫ್ಯೂರಿ ಆ ದಾಖಲೆಯನ್ನೂ, ಲೀಯೇ ಬರೆದು ನಿರ್ದೇಶಿಸಿದ ದ ವೇ ಆಫ್ ದ ಡ್ರ್ಯಾಗನ್ ಮತ್ತೆ ಅದನ್ನೂ ಮುರಿದವು. ನಂತರ ವಾರ್ನರ್ ಕಂಪೆನಿಯೇ ಪಾಲುದಾರನಾಗಿ ಬಂದು ಎಂಟರ್ ದ ಡ್ರ್ಯಾಗನ್ ತಯಾರಾಯಿತು. ಅದು ಅಮೆರಿಕದಲ್ಲಿ ತೆರೆಕಂಡದ್ದು 1973ರ ಆಗಸ್ಟ್‌ನಲ್ಲಿ. ಆಗ ಲೀ ಬದುಕಿರಲಿಲ್ಲ.

ದಂತಕತೆ ಅತ್ಯಂತ ದಟ್ಟವಾಗಿರುವುದು ಸಾವಿನ ಸುತ್ತ. 1973ರ ಮೇ 10ರಂದು ಡಬ್ಬಿಂಗ್ ಕೋಣೆಯಲ್ಲಿ ಕುಸಿದುಬಿದ್ದ ಲೀಗೆ ಮಿದುಳಿನ ಊತ ಇರುವುದನ್ನು ವೈದ್ಯರು ಗುರುತಿಸಿದ್ದರು. ಜುಲೈ 20ರಂದು ನಟಿ ಬೆಟ್ಟಿ ಟಿಂಗ್ ಪೇ ಮನೆಯಲ್ಲಿದ್ದಾಗ ತಲೆನೋವೆಂದು ಮಾತ್ರೆಯೊಂದನ್ನು ನುಂಗಿ ಮಲಗಿದವನು ಏಳಲಿಲ್ಲ. ವಯಸ್ಸು 32. ಸಂಸ್ಥೆ ಪತ್ರಿಕೆಗಳಿಗೆ ಕೊಟ್ಟ ಮೊದಲ ಸುದ್ದಿ, ಆತ ಸ್ವಂತ ಮನೆಯಲ್ಲಿ ಹೆಂಡತಿಯ ಜೊತೆಗಿದ್ದಾಗ ತೀರಿಕೊಂಡ ಎಂಬುದು. ಪತ್ರಕರ್ತರು ಕೆಲವೇ ದಿನಗಳಲ್ಲಿ ಸತ್ಯ ಬಯಲಿಗೆಳೆದರು. ಮರ್ಯಾದೆ ಉಳಿಸಲು ಹೇಳಿದ ಆ ಒಂದು ಸುಳ್ಳು ಮುಂದಿನ ಎಲ್ಲ ಸುಳ್ಳುಗಳಿಗೆ ಬಾಗಿಲು ತೆರೆಯಿತು. ಮೊದಲ ಮಾತೇ ಸುಳ್ಳಾದ ಮೇಲೆ ನಿಜವಾದ ಮಾತನ್ನು ನಂಬುವವರಾರು? ಭೂಗತ ಜಗತ್ತು ಕೊಂದಿತು, ಮರ್ಮಾಘಾತದಿಂದ ಕೊಂದರು, ವಿಷವಿಕ್ಕಿದರು ಎಂಬ ಕಥೆಗಳು ಎದ್ದವು. ಅದೇ ವರ್ಷ ನಡೆದ ನ್ಯಾಯಿಕ ವಿಚಾರಣೆ ಇದನ್ನು ಆಕಸ್ಮಿಕ ಸಾವೆಂದು ತೀರ್ಮಾನಿಸಿತು. ಮಾತ್ರೆಯಲ್ಲಿದ್ದ ಔಷಧಕ್ಕೆ ದೇಹ ತೋರಿದ ವಿಪರೀತ ಪ್ರತಿಕ್ರಿಯೆಯಿಂದ ಮಿದುಳು ಊದಿಕೊಂಡಿತೆಂದು ತಜ್ಞರು ನುಡಿದರು. 2018ರಲ್ಲಿ ಜೀವನಚರಿತ್ರೆಕಾರ ಮ್ಯಾಥ್ಯೂ ಪಾಲಿ ಬಿಸಿಲಿನ ಆಘಾತವನ್ನು, 2022ರಲ್ಲಿ ಮೂತ್ರಪಿಂಡ ತಜ್ಞರ ತಂಡವೊಂದು ರಕ್ತದಲ್ಲಿ ಸೋಡಿಯಂ ಕುಸಿದಿರಬಹುದಾದ ಸಾಧ್ಯತೆಯನ್ನು ಮುಂದಿಟ್ಟವು. ವೈದ್ಯಕೀಯ ಚರ್ಚೆ ಮುಗಿದಿಲ್ಲ. ಆದರೆ ಇವೆಲ್ಲವೂ ಒಂದು ದೇಹದ ಮಿತಿಯ ಕುರಿತ ವಿವರಣೆಗಳು. ಕೊಲೆಗಾರನಾಗಲಿ ಶಾಪವಾಗಲಿ ಇವುಗಳಲ್ಲಿ ಇಲ್ಲ.

1993ರಲ್ಲಿ ಮಗ ಬ್ರ್ಯಾಂಡನ್ ಚಿತ್ರೀಕರಣದ ಬಂದೂಕಿನಿಂದ ಗುಂಡು ತಗುಲಿ 28ನೇ ವಯಸ್ಸಿನಲ್ಲಿ ಸತ್ತಾಗ ಶಾಪದ ಕಥೆಗೆ ಮರುಜೀವ ಬಂತು. ಹಿಂದಿನ ದೃಶ್ಯಕ್ಕೆ ಬಳಸಿದ ತೋಟಾದ ತುದಿ ನಳಿಗೆಯಲ್ಲೇ ಉಳಿದಿದ್ದನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಂಥ ನಿರ್ಲಕ್ಷ್ಯವನ್ನು ಶಾಪವೆಂದು ಕರೆದರೆ ಯಾರೂ ಹೊಣೆಗಾರರಾಗಬೇಕಿಲ್ಲ. ದಂತಕತೆಗಳು ಯಾರಿಗೆ ಅನುಕೂಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಲೀ ಅರ್ಧಕ್ಕೆ ಬಿಟ್ಟಿದ್ದ ಗೇಮ್ ಆಫ್ ಡೆತ್ ಚಿತ್ರವನ್ನು 1978ರಲ್ಲಿ ಬದಲಿ ನಟರಿಂದ ಮುಗಿಸುವಾಗ ಅವನ ನಿಜವಾದ ಶವಸಂಸ್ಕಾರದ ದೃಶ್ಯಗಳನ್ನೇ ಸೇರಿಸಲಾಯಿತು. ಅವನ ಹೆಸರನ್ನು ಹೋಲುವ ಹೆಸರಿಟ್ಟುಕೊಂಡ ನಟರ ಸಾಲೇ ಹುಟ್ಟಿಕೊಂಡಿತು. 2019ರ ಹಾಲಿವುಡ್ ಚಿತ್ರವೊಂದು ಅವನನ್ನು ಬಡಾಯಿಕೋರನಾಗಿ ತೋರಿಸಿದಾಗ ಮಗಳು ಶ್ಯಾನನ್ ಆಕ್ಷೇಪಿಸಿದರು. ಲೀಗೆ ಕೋಪವಿತ್ತು, ಜಂಬವೂ ಇತ್ತು. ಆದರೆ ದೇವರು ಮತ್ತು ವಿದೂಷಕ, ಈ ಎರಡು ಮುಖವಾಡಗಳ ನಡುವೆ ಮನುಷ್ಯನಿಗೆ ಜಾಗವಿಲ್ಲದಾಗಬಾರದು.

ನಮ್ಮ ಬಡಾವಣೆಗಳ ಕರಾಟೆ ತರಗತಿಗಳಲ್ಲಿ ಅವನ ಚಿತ್ರವನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಅದರ ಕೆಳಗೆ ಬೆವರುವ ಮಕ್ಕಳಿಗೆ ನಂಚಾಕುವಿನ ಜಾಹೀರಾತು ತೋರಿಸಿದರೆ ಅವರು ಬೆರಗಾದಾರು, ಕಲಿಯಲಾರರು. ಒಂದು ಕಾಳಗದ ಮರುದಿನ ತನ್ನ ವಿದ್ಯೆಯನ್ನೇ ಪ್ರಶ್ನಿಸಿಕೊಂಡವನ, ಒದೆಯಲಾಗದೆಂದು ಕೇಳಿಸಿಕೊಂಡ ಮೇಲೆ ಹಾಸಿಗೆಯಲ್ಲಿ ಮಲಗಿ ಪುಸ್ತಕ ಬಿಡಿಸಿದವನ ಕಥೆ ಅವರ ಅಳತೆಗೆ ನಿಲುಕುವಂಥದು. ಅದರಲ್ಲಿ ಪವಾಡವಿಲ್ಲ, ದಿನದಿನದ ಅಭ್ಯಾಸವಿದೆ, ಅದನ್ನು ಯಾರು ಬೇಕಾದರೂ ನಾಳೆಯಿಂದಲೇ ಆರಂಭಿಸಬಹುದು.